ಮೂರನೆಯ ಕಟ್ಟೆ, ನಾಲ್ಕನೆಯ ಕಟ್ಟೆ

ಮೂಡುಕಾನ ಶಿಬಿರ, ದೇಲಂಪಾಡಿ
17 ನವೆಂಬರ್ 2025

ಮಾನ್ಯ ಶರತ್ಚಂದ್ರ ಅವರಿಗೆ,

ನಾನು ಕಮಲ. ಮೂಡುಕಾನ ಗುಡ್ಡೆಯ ಟೆಂಟ್ ಶಿಬಿರದಲ್ಲಿ ಗೇಟು ನೋಡಿಕೊಳ್ಳುವವಳು. ನವೆಂಬರ್ 8ರ ಶನಿವಾರ ಸಂಜೆ ಏಳೂಕಾಲಿಗೆ ನಿಮ್ಮ ಕಾರು ಬಂದಾಗ ಟಾರ್ಚು ಹಿಡಿದು ಎದುರು ನಿಂತವಳು ನಾನೇ. ಗುಡ್ಡೆಯ ಮೇಲೆ ಫೋನಿಗೆ ರೇಂಜ್ ಇಲ್ಲ. ಬುಕ್ಕಿಂಗ್ ಚೀಟಿಯಲ್ಲಿ ನಿಮ್ಮ ಮೈಸೂರಿನ ವಿಳಾಸ ಇತ್ತು. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ಶಿಬಿರ ನಡೆಸುವ ಸಮಿತಿಗೆ ನೀವು ಕೊಟ್ಟ ದೂರು ನನ್ನ ಕೈಗೆ ಬಂತು. ಜೊತೆಯಲ್ಲೇ ಒಂದು ಮೆಮೋ ಸಹ ಬಂತು. ನಡೆದದ್ದು ಇಷ್ಟೇ. ಇಲ್ಲಿ ಟೆಂಟ್ ಹಾಕಲು ಎಂಟು ಮಣ್ಣಿನ ಕಟ್ಟೆಗಳು ಮಾತ್ರ ಉಂಟು. ಸುತ್ತ ಸೋಲಾರ್ ಬೇಲಿ. ಬೇಲಿಯ ಹೊರಗೆ ಆನೆ ಓಡಾಡುವ ಕಾಡು. ನಿಮ್ಮ ಹೆಸರಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಕಟ್ಟೆ ಇತ್ತು. ಆರು ಗಂಟೆಯವರೆಗೆ ನೀವು ಬರಲಿಲ್ಲ. ಬುಕ್ಕಿಂಗ್ ಇಲ್ಲದ ಐದು ಜನ ಕಾಲೇಜಿನ ಹುಡುಗಿಯರು ಗೇಟಿನ ಹೊರಗೆ ನಿಂತಿದ್ದರು. ಕತ್ತಲಾಗುತ್ತಿತ್ತು. ಅವರನ್ನು ಆ ಹೊತ್ತಿನಲ್ಲಿ ಕಾಡುದಾರಿಯಲ್ಲಿ ಹಿಂದೆ ಕಳಿಸಲು ಮನಸ್ಸು ಬಾರದೆ ನಿಮ್ಮ ಕಟ್ಟೆಗಳನ್ನು ಕೊಟ್ಟೆ.

ನಿಮಗೆ ತೊಂದರೆ ಆದದ್ದಕ್ಕೆ ಬೇಸರ ಉಂಟು. ಆದರೆ 'ಕೈಬಿಸಿ ಮಾಡಿಕೊಂಡು ಕೊಟ್ಟಿದ್ದಾಳೆ' ಎಂದು ನೀವು ಬರೆದದ್ದು ಸುಳ್ಳು. ಅದನ್ನು ಹಿಂದೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ,
ಕಮಲ


ಮೈಸೂರು
24 ನವೆಂಬರ್ 2025

ಶ್ರೀಮತಿ ಕಮಲ ಅವರಿಗೆ,

ನಿಮ್ಮ ಪತ್ರ ತಲುಪಿತು. ಲಂಚದ ಮಾತನ್ನು ಕೋಪದಲ್ಲಿ ಬರೆದೆ. ಅದಕ್ಕೆ ಆಧಾರವಿಲ್ಲ. ಆ ಒಂದು ವಾಕ್ಯವನ್ನು ಹಿಂತೆಗೆದುಕೊಂಡಿರುವುದಾಗಿ ಸಮಿತಿಗೂ ತಿಳಿಸಿದ್ದೇನೆ.

ಉಳಿದ ದೂರನ್ನು ಹಿಂತೆಗೆದುಕೊಳ್ಳುವುದಿಲ್ಲ. ತಿಂಗಳ ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ವೆಬ್‌ಸೈಟ್ ತೆರೆಯುತ್ತದೆ, ಆರೇಳು ನಿಮಿಷದಲ್ಲಿ ಎಲ್ಲ ಶನಿವಾರಗಳೂ ಮುಗಿದುಹೋಗುತ್ತವೆ. ನಾಲ್ಕು ತಿಂಗಳು ಪ್ರಯತ್ನಿಸಿದ ಮೇಲೆ ನಮಗೆ ಎರಡು ಕಟ್ಟೆ ಸಿಕ್ಕಿದ್ದವು, ಒಂದು ನಮಗೆ, ಇನ್ನೊಂದು ನನ್ನ ನಾದಿನಿಯ ಕುಟುಂಬಕ್ಕೆ. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ತಡವಾಯಿತು. ಐದು ಗಂಟೆ ಪ್ರಯಾಣ ಮಾಡಿ ಬಂದವರು, ನಮ್ಮದೇ ಜಾಗದಲ್ಲಿ ಬೇರೆಯವರು ಅನ್ನ ಬೇಯಿಸುತ್ತಿರುವುದನ್ನು ಬೇಲಿಯಾಚೆಯಿಂದ ನೋಡಿ ಅದೇ ಕತ್ತಲಲ್ಲಿ ಹಿಂದಿರುಗಿದೆವು. ಆ ಹುಡುಗಿಯರ ಮೇಲೆ ನಿಮಗೆ ಬಂದ ಕನಿಕರ ನಮ್ಮ ಮೇಲೆ ಬರಲಿಲ್ಲ.

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ನಿಯಮ ಎಂದರೆ ಎಲ್ಲರಿಗೂ ಒಂದೇ. ಬುಕ್ ಆದ ಜಾಗ ಬುಕ್ ಮಾಡಿದವರದು. ಇನ್ನು ಮುಂದೆ ಅದು ಪಾಲನೆಯಾದರೆ ಸಾಕು.

ಶರತ್ಚಂದ್ರ


ಮೂಡುಕಾನ ಶಿಬಿರ
22 ಡಿಸೆಂಬರ್ 2025

ಮಾನ್ಯರೇ,

ನಿಯಮ ಪಾಲನೆಯಾಗುತ್ತಿದೆ. ನಿಮ್ಮ ದೂರಿನ ನಂತರ ಸಮಿತಿ ಗೇಟಿನ ಮೇಲೆ ಎರಡು ಸಾಲು ಬರೆಸಿ ಹಾಕಿದೆ. ಸಂಜೆ ಆರರ ನಂತರ ಯಾರನ್ನೂ ಒಳಗೆ ಬಿಡಬಾರದು. ಬುಕ್ ಆದ ಕಟ್ಟೆಯನ್ನು ಖಾಲಿ ಇದ್ದರೂ ಬೇರೆಯವರಿಗೆ ಕೊಡಬಾರದು. ಕೊಟ್ಟರೆ ನನ್ನ ಕೆಲಸ ಹೋಗುತ್ತದೆ.

ಈ ತಿಂಗಳು 6, 13, 20, ಮೂರು ಶನಿವಾರವೂ ಮೂರು ಮತ್ತು ನಾಲ್ಕನೆಯ ಕಟ್ಟೆ ನಿಮ್ಮ ಹೆಸರಿನಲ್ಲೇ ಇತ್ತು. ಮೂರು ಶನಿವಾರವೂ ನೀವು ಬರಲಿಲ್ಲ, ರದ್ದು ಸಹ ಮಾಡಲಿಲ್ಲ. 27ಕ್ಕೂ ನಿಮ್ಮದೇ ಹೆಸರು ಉಂಟು. ಜನವರಿಯ ಪಟ್ಟಿ ಇನ್ನೂ ಬಂದಿಲ್ಲ, ಬಂದರೆ ಅದರಲ್ಲೂ ಇರಬಹುದು ಎಂದು ನನ್ನ ಅಂದಾಜು.

ಮೊನ್ನೆ ಶನಿವಾರ ಕಾಞಂಗಾಡಿನಿಂದ ಒಬ್ಬರು ವಯಸ್ಸಾದ ಮೇಷ್ಟ್ರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಖಾಲಿ ಕಟ್ಟೆ ಗೇಟಿನಿಂದಲೇ ಕಾಣುತ್ತದೆ. "ಅಲ್ಲಿ ಯಾರೂ ಇಲ್ಲವಲ್ಲಮ್ಮ" ಎಂದರು. "ಉಂಟು, ಬುಕ್ ಆಗಿ ಉಂಟು" ಎಂದೆ. "ಎಂತ, ಗಾಳಿಗಾ ಬುಕ್ ಮಾಡಿದ್ದು?" ಎಂದು ಕೇಳಿದರು. ಗೇಟಿನ ಮೇಲಿನ ಬರಹವನ್ನು ತೋರಿಸಿದೆ.

ನಿಮ್ಮ ಕಟ್ಟೆಗಳು ಯಾವ ದಿನ ಖಾಲಿ ಇದ್ದವು, ಆ ದಿನ ಎಷ್ಟು ಜನ ಹಿಂದೆ ಹೋದರು ಎಂದು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಬರುವುದಿಲ್ಲ ಎಂದಾದರೆ ದಯವಿಟ್ಟು ರದ್ದು ಮಾಡಿ. ನಿಮಗದು ಅರ್ಧ ನಿಮಿಷದ ಕೆಲಸ.

ಕಮಲ


ಮೈಸೂರು
30 ಡಿಸೆಂಬರ್ 2025

ಶ್ರೀಮತಿ ಕಮಲ ಅವರಿಗೆ,

ನಿಮ್ಮ ಪತ್ರದ ಧಾಟಿ ನನಗೆ ಹಿಡಿಸಲಿಲ್ಲ. ನನ್ನ ಮೇಲೆ ಪುಸ್ತಕ ಇಡುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಆದರೂ ವಿವರಿಸುತ್ತೇನೆ. ನನ್ನ ಹೆಂಡತಿ ರಂಜನಿ ಆಸ್ಪತ್ರೆಯಲ್ಲಿ ನರ್ಸ್. ಮೂಳೆ ಮುರಿದವರ ವಾರ್ಡು. ಅವಳ ಡ್ಯೂಟಿ ಪಟ್ಟಿ ಗೊತ್ತಾಗುವುದು ಗುರುವಾರ ಸಂಜೆ. ತಿಂಗಳಿಗೆ ಒಂದು ಶನಿವಾರ ಅವಳಿಗೆ ಬಿಡುವು ಸಿಕ್ಕರೆ ಸಿಕ್ಕೀತು, ಯಾವುದೆಂದು ಮೊದಲೇ ತಿಳಿಯುವುದಿಲ್ಲ. ಹಾಗಾಗಿ ಈಗ ಹತ್ತು ಹೊಡೆಯುವ ಮೊದಲೇ ಕಾದು ಕುಳಿತು ಎಲ್ಲ ಶನಿವಾರಗಳನ್ನೂ ಹಿಡಿದಿಡುತ್ತೇನೆ. ನವೆಂಬರ್ 8 ಅವಳಿಗೆ ಮೂರು ತಿಂಗಳ ನಂತರ ಸಿಕ್ಕ ಬಿಡುವಾಗಿತ್ತು. ಅದು ಹೇಗೆ ಕಳೆಯಿತೆಂದು ನಿಮಗೆ ಗೊತ್ತು.

ರದ್ದು ಮಾಡುವುದು ಅರ್ಧ ನಿಮಿಷದ ಕೆಲಸ ಎಂದು ಬರೆದಿದ್ದೀರಿ. ಒಮ್ಮೆ ರದ್ದು ಮಾಡಿದರೆ ಉಳಿದ ಬುಕ್ಕಿಂಗ್ ಎಲ್ಲ ಹೋಗುತ್ತದೆ, ಆ ಖಾತೆಯಿಂದ ಅರವತ್ತು ದಿನ ಬುಕ್ ಮಾಡಲು ಆಗದಂತೆ ನಿಮ್ಮ ವೆಬ್‌ಸೈಟೇ ತಡೆಯುತ್ತದೆ. ಹಾಗೆ ನಿಯಮ ಮಾಡಿದವರನ್ನು ಕೇಳಿ. ನಾನೊಬ್ಬನೇ ಅಲ್ಲ, ಎಲ್ಲರೂ ಹೀಗೇ ಮಾಡುತ್ತಾರೆ.

ಶರತ್ಚಂದ್ರ


ಮೈಸೂರು
7 ಜನವರಿ 2026

ಶ್ರೀಮತಿ ಕಮಲ ಅವರಿಗೆ,

ಜನವರಿ 10ರ ಶನಿವಾರ ನಮಗೆ ಬರಲಾಗುವುದಿಲ್ಲ. ನಮ್ಮ ಹೆಸರಿನ ಮೂರು ಮತ್ತು ನಾಲ್ಕನೆಯ ಕಟ್ಟೆಗಳನ್ನು ಅಗತ್ಯವಿದ್ದವರಿಗೆ ಕೊಡಲು ನನ್ನ ಪೂರ್ಣ ಒಪ್ಪಿಗೆ ಇದೆ. ಈ ಪತ್ರವನ್ನೇ ಒಪ್ಪಿಗೆಯೆಂದು ಭಾವಿಸಬೇಕು. ಇದರ ಪ್ರತಿಯನ್ನು ಸಮಿತಿಯ ಕಚೇರಿಗೂ ಕಳುಹಿಸುತ್ತಿದ್ದೇನೆ.

ಶರತ್ಚಂದ್ರ


ದೇಲಂಪಾಡಿ
13 ಜನವರಿ 2026

ಶರತ್ಚಂದ್ರ ಅವರಿಗೆ,

ಪತ್ರಿಕೆಯಲ್ಲಿ ನೋಡಿರಬಹುದು. ನೋಡಿರದಿದ್ದರೆ ನನ್ನಿಂದಲೇ ತಿಳಿಯಲಿ.

ಶನಿವಾರ ಐದು ಗಂಟೆಗೆ ಒಂದು ಆಟೋರಿಕ್ಷಾ ಗುಡ್ಡೆ ಹತ್ತಿ ಬಂತು. ಬೋವಿಕಾನದ ಸುಜನ್ ಎಂಬವನು, ಅವನ ಹೆಂಡತಿ ಪೂಜಾಶ್ರೀ. ಆಟೋ ಅವನದೇ. ಬೋವಿಕಾನ ಪೇಟೆಯಲ್ಲಿ ಬಾಡಿಗೆಗೆ ಓಡಿಸುತ್ತಾನೆ. ಮದುವೆಯಾಗಿ ವರ್ಷ ತುಂಬಿಲ್ಲ. ಗೆಳೆಯನಿಂದ ಟೆಂಟು ಕೇಳಿ ತಂದಿದ್ದರು. ಬುಕ್ಕಿಂಗ್ ಇರಲಿಲ್ಲ. ಆರು ಕಟ್ಟೆಗಳಲ್ಲಿ ಜನ ಇದ್ದರು. ನಿಮ್ಮ ಎರಡು ಖಾಲಿ ಇದ್ದವು. ನಿಮ್ಮಿಂದ ಒಂದು ಮಾತು ಬಂದಿರಲಿಲ್ಲ. ಜಾಗ ಇಲ್ಲ ಎಂದು ಹೇಳಿದೆ. ಆರು ಗಂಟೆಗೆ ಗೇಟು ಹಾಕಿದೆ. ಆಟೋ ಇಳಿದುಹೋದ ಸದ್ದು ಕೇಳಿತು. ಊರಿಗೆ ಹೋದರು ಎಂದುಕೊಂಡೆ.

ಅವರು ಊರಿಗೆ ಹೋಗಿರಲಿಲ್ಲ. ಕೆಳಗೆ ಹರಿಯುವ ತೋಡಿನ ಬದಿಯಲ್ಲಿ, ಬೇಲಿಯ ಹೊರಗೆ, ಟೆಂಟು ಹಾಕಿದ್ದರು. ಭಾನುವಾರ ಬೆಳಕು ಹರಿಯುವಾಗ ಸುಜನ್ ಮುಖ ತೊಳೆಯಲು ತೋಡಿಗೆ ಇಳಿದಿದ್ದಾನೆ. ಬಿದಿರಿನ ಮರೆಯಲ್ಲಿ ಒಂಟಿ ಸಲಗ ನಿಂತಿತ್ತು. ಪೂಜಾಶ್ರೀಯ ಕೂಗು ಕೇಳಿ ನಾನು ಮತ್ತು ಶಿಬಿರ ಕಾಯುವ ವಾಚರ್ ಲತೇಶ್ ಓಡಿದೆವು. ಲತೇಶ್ ಪಟಾಕಿ ಸಿಡಿಸಿದ ಮೇಲೆ ಆನೆ ಹೋಯಿತು. ಸುಜನ್ ಬಂಡೆಗಳ ನಡುವೆ ಬಿದ್ದಿದ್ದ. ಬಲತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಿನ್ನೆ ಆಪರೇಷನ್ ಆಯಿತು. ಮೊದಲಿನ ಹಾಗೆ ನಡೆಯುತ್ತಾನೋ ಇಲ್ಲವೋ ಈಗ ಹೇಳಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ.

ನನ್ನನ್ನು ಕೆಲಸದಿಂದ ತಾತ್ಕಾಲಿಕವಾಗಿ ನಿಲ್ಲಿಸಿದ್ದಾರೆ. ಫೆಬ್ರವರಿ 5ಕ್ಕೆ ಸಮಿತಿಯ ವಿಚಾರಣೆ. ನಿಮಗೂ ನೋಟಿಸು ಬರುತ್ತದೆ.

ಕಮಲ


ದೇಲಂಪಾಡಿ
18 ಜನವರಿ 2026

ಶರತ್ಚಂದ್ರ ಅವರೇ,

ಜನವರಿ 7 ಎಂದು ತಾರೀಕು ಹಾಕಿದ ನಿಮ್ಮ ಕಾಗದ ನಿನ್ನೆ ನನ್ನ ಕೈ ಸೇರಿತು. ಮೊದಲು ಓದಿದಾಗ, ಅಂಚೆಯಲ್ಲಿ ಸಿಕ್ಕಿಹಾಕಿಕೊಂಡು ಈ ಕಾಗದ ತಡವಾಯಿತೇ, ಒಂದು ವಾರ ಮೊದಲು ಬಂದಿದ್ದರೆ ಆ ಹುಡುಗನ ಕಾಲು ಉಳಿಯುತ್ತಿತ್ತಲ್ಲ ಎಂದು ಅಲ್ಲಿಯೇ ಜಗಲಿಯಲ್ಲಿ ಕುಳಿತುಬಿಟ್ಟೆ.

ಆಮೇಲೆ ಕವರನ್ನು ತಿರುಗಿಸಿ ನೋಡಿದೆ. ಮೈಸೂರಿನ ಮುದ್ರೆ ಸ್ಪಷ್ಟ ಬಿದ್ದಿದೆ. ಜನವರಿ 13.

ಸಮಿತಿಯ ಕಾರ್ಯದರ್ಶಿ ಈಶ್ವರಪ್ರಸಾದರು ಇವತ್ತು ಮನೆಗೆ ಬಂದಿದ್ದರು. ನಿಮ್ಮ ಕಾಗದದ ಪ್ರತಿ ಕಚೇರಿಗೂ ಬಂದಿದೆ. "ಕಮಲಾ, ಆ ಮನುಷ್ಯ ಮೊದಲೇ ಬರೆದಿದ್ದಾನಲ್ಲ, ನೀನು ಕಾಗದ ಬಂದೇ ಇಲ್ಲ ಅಂತ ಹೇಳ್ತಾ ಇದ್ದಿ. ಯಾರನ್ನು ನಂಬುವುದು?" ಎಂದು ಕೇಳಿದರು. ಕಚೇರಿಯವರು ಕವರನ್ನು ಕಸಕ್ಕೆ ಹಾಕಿದ್ದಾರಂತೆ. ನನ್ನ ಕವರಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೇ ಗೊತ್ತಿಲ್ಲ.

ನೇರವಾಗಿ ಕೇಳುತ್ತೇನೆ. ಈ ಕಾಗದವನ್ನು ನೀವು ಯಾವ ದಿನ ಬರೆದಿರಿ?

ಕಮಲ


ಮೈಸೂರು
21 ಜನವರಿ 2026

ಶ್ರೀಮತಿ ಕಮಲ ಅವರಿಗೆ,

ಪತ್ರವನ್ನು ಜನವರಿ 7ರಂದೇ ಬರೆದಿದ್ದೇನೆ. ಕೆಲಸದ ಒತ್ತಡದಲ್ಲಿ ಬ್ಯಾಗಿನಲ್ಲೇ ಉಳಿದು ಅಂಚೆಗೆ ಹಾಕುವುದು ತಡವಾಗಿದ್ದರೆ ಅದು ಅಪರಾಧವಲ್ಲ. ಗಾಯಗೊಂಡ ಯುವಕನ ಬಗ್ಗೆ ನನಗೆ ನಿಜವಾದ ದುಃಖವಿದೆ. ಆದರೆ ಅವನು ಬೇಲಿಯ ಹೊರಗೆ ಟೆಂಟು ಹಾಕಿದ್ದಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿದ್ದ ನಾನು ಹೊಣೆಯಲ್ಲ.

ವಕೀಲನಾಗಿರುವ ನನ್ನ ಗೆಳೆಯ ಕೃಷ್ಣಕುಮಾರ, ಈ ವಿಷಯದಲ್ಲಿ ಇನ್ನು ಪತ್ರ ವ್ಯವಹಾರ ಬೇಡವೆಂದು ಸಲಹೆ ನೀಡಿದ್ದಾನೆ. ನಿಮ್ಮ ಬಳಿ ಇರುವ ಕಾಗದಪತ್ರಗಳನ್ನು ಬಳಸುವ ಮುನ್ನ ನೀವೂ ಯಾರನ್ನಾದರೂ ವಿಚಾರಿಸುವುದು ಒಳ್ಳೆಯದು. ನಿಮ್ಮ ಪುಸ್ತಕದ ಪ್ರಸ್ತಾಪ ನಿಮ್ಮದೇ ಪತ್ರದಲ್ಲಿದೆ. ನನ್ನ ಮೇಲೆ ನಿಮಗೆ ಮೊದಲಿನಿಂದಲೂ ಹಗೆ ಇತ್ತೆಂದು ತೋರಿಸಲು ಅದೊಂದೇ ಸಾಕು.

ದಯವಿಟ್ಟು ಇನ್ನು ಬರೆಯಬೇಡಿ.

ಶರತ್ಚಂದ್ರ


ದೇಲಂಪಾಡಿ
25 ಜನವರಿ 2026

ಶರತ್ಚಂದ್ರ ಅವರೇ,

ಬರೆಯಬೇಡಿ ಎಂದಿದ್ದೀರಿ. ಇದೊಂದು ಓದಿ. ಇದಕ್ಕೆ ಉತ್ತರ ಬೇಡ.

ನಿಮ್ಮ ಕಾಗದ ಓದಿ ನನಗೆ ಬಂದ ಸಿಟ್ಟಿನಲ್ಲಿ ಕವರನ್ನು ಹಿಡಿದುಕೊಂಡು ಸೀದಾ ಈಶ್ವರಪ್ರಸಾದರ ಮನೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ನಿಂತೆ. 'ಹಗೆ' ಎಂಬ ನಿಮ್ಮ ಮಾತು ಚುಚ್ಚುತ್ತಿತ್ತು. ಅದು ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಆ ಸಂಜೆ ನಡೆದದ್ದನ್ನು ನಾನು ನಿಮಗೆ ಪೂರ್ತಿ ಬರೆದಿಲ್ಲ. ಯಾರಿಗೂ ಹೇಳಿಲ್ಲ.

ಐದರಿಂದ ಆರರವರೆಗೆ ಸುಜನ್, ಪೂಜಾಶ್ರೀ ಇಬ್ಬರೂ ಗೇಟಿನ ಹೊರಗೆ ಕಾದರು. ಆ ಹುಡುಗಿ ತುಂಬ ಸಲ ಕೇಳಿಕೊಂಡಳು. "ಅಕ್ಕಾ, ಬುಕ್ ಮಾಡಿದವರು ಬಂದ್ರೆ ನಾವು ಕೂಡ್ಲೇ ಏಳ್ತೇವೆ. ಬಾರದಿದ್ರೆ ಕೊಡಿ." ಆರು ಹೊಡೆಯಿತು. ಆರರ ನಂತರ ನೀವೇ ಬಂದರೂ ನಿಮ್ಮನ್ನು ಒಳಗೆ ಬಿಡುವ ಹಾಗಿರಲಿಲ್ಲ. ಅಂದರೆ ಆ ಎರಡು ಕಟ್ಟೆಗಳಿಗೆ ಆ ದಿನ ಯಾರೂ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಲತೇಶ್ ಮೆಲ್ಲಗೆ ಹೇಳಿದ, "ಬಿಡುವ ಕಮಲಕ್ಕ, ಯಾರಿಗೆ ಗೊತ್ತಾಗ್ತದೆ?"

ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಅದು ನಿಜ. ಆದರೆ ಅದೊಂದೇ ಆಗಿದ್ದರೆ ಲತೇಶನ ಮಾತು ಕೇಳುತ್ತಿದ್ದೆನೋ ಏನೋ. ನನ್ನ ಪುಸ್ತಕದಲ್ಲಿ ನಿಮ್ಮ ಹೆಸರಿನ ಕೆಳಗೆ ಐದು ಶನಿವಾರ ತುಂಬಿತ್ತು. ಇದು ಆರನೆಯದು. ಜನವರಿ ಕೊನೆಗೆ ಅದನ್ನು ಸಮಿತಿಯ ಮುಂದೆ ಇಟ್ಟು, 'ನೋಡಿ, ಮೆಮೋ ಕೊಟ್ಟಿರಲ್ಲ ನನಗೆ, ಈ ದೊಡ್ಡ ಮನುಷ್ಯನ ಬುಕ್ಕಿಂಗ್ ಹೇಗೆ ಉಂಟು ನೋಡಿ' ಎಂದು ಹೇಳಬೇಕೆಂದು ಕಾಯುತ್ತಿದ್ದೆ. ಆ ಹುಡುಗಿಯನ್ನು ಒಳಗೆ ಬಿಟ್ಟರೆ ಆ ದಿನದ ಸಾಲಿನಲ್ಲಿ 'ಖಾಲಿ' ಎಂದು ಬರೆಯಲು ಆಗುವುದಿಲ್ಲವಲ್ಲ. ಅದಕ್ಕೇ ಗೇಟು ಹಾಕಿದೆ. ಅವರೆದುರಿಗೇ ಹಾಕಿದೆ. ಒಳಗೆ ಹೋಗಿ ಪುಸ್ತಕ ತೆಗೆದು ಬರೆದೆ. ಬರೆಯುವಾಗ ನನಗೆ ಸಮಾಧಾನವಾಯಿತು.

ನಿಮ್ಮ ಮೇಲಿನ ಸಿಟ್ಟನ್ನು ನಿಮ್ಮ ಹೆಸರನ್ನೇ ಕೇಳದ ಇಬ್ಬರ ಮೇಲೆ ತೀರಿಸಿಕೊಂಡೆ.

ಐದನೇ ತಾರೀಕು ನಾನು ಇದನ್ನೇ ಹೇಳುತ್ತೇನೆ. ಕವರನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನನ್ನ ಹತ್ತಿರ ಇದ್ದರೆ ಸಿಟ್ಟು ತೀರಿಸಲು ಬಳಸಿಯೇನು, ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ಅಂದು ನಿಮ್ಮನ್ನು ಕೇಳಿದರೆ ನೀವು ಎಂತ ಹೇಳಬೇಕೋ ಅದು ನಿಮಗೆ ಬಿಟ್ಟದ್ದು.

ಕಮಲ


ಮೈಸೂರು
31 ಜನವರಿ 2026

ಕಮಲ ಅವರಿಗೆ,

ನೀವು ಕಳುಹಿಸಿದ ಕವರು ನನ್ನ ಮೇಜಿನ ಮೇಲೆ ಎರಡು ದಿನದಿಂದ ಇದೆ. ಹರಿದು ಹಾಕಬಹುದಿತ್ತು. ನಿಜ ಹೇಳಬೇಕೆಂದರೆ ಮೊದಲ ದಿನ ಬೆಂಕಿಪೊಟ್ಟಣ ಹುಡುಕಿಕೊಂಡು ಅಡುಗೆಮನೆಗೆ ಹೋಗಿದ್ದೆ. ರಂಜನಿ ಅಲ್ಲಿದ್ದಳು. "ಏನು ಸುಡೋಕೆ ಹೊರಟಿದ್ದೀರಿ?" ಎಂದು ಕೇಳಿದಳು. ನಿಮ್ಮ ಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಓದಿ ಮುಗಿಸಿ, "ಆ ಹೆಂಗಸು ತನ್ನ ಪಾಲು ಹೇಳಿಬಿಟ್ಟಿದ್ದಾರೆ. ನೀವು ಇನ್ನೂ ಬ್ಯಾಗಿನ ಕಥೆ ಹೇಳ್ತಾ ಇರ್ತೀರಾ?" ಎಂದಳು. 7ರ ತಾರೀಕು ಹಾಕಿದ ಆ ಪತ್ರವನ್ನು ನಾನು ಬರೆದ ಸಂಜೆ ಅವಳು ಎದುರಿನ ಕುರ್ಚಿಯಲ್ಲೇ ಇದ್ದಳು. ಏನು ಬರೆಯುತ್ತಿದ್ದೀರೆಂದು ಅಂದು ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಜನವರಿ 12ರಂದು ಬರೆದೆ. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದಿದೆ. 'ಕಾಯ್ದಿರಿಸಿದ ಎರಡು ಜಾಗ ಖಾಲಿ ಇದ್ದವು' ಎಂಬ ಸಾಲಿತ್ತು. ನನ್ನ ಹೆಸರಿರಲಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮನೆಗೆ ಬಂದವನೇ ಬರೆದೆ. ಐದು ದಿನ ಹಿಂದಿನ ತಾರೀಕು ಹಾಕಿದೆ. ಅಂಚೆಯ ಮುದ್ರೆಯನ್ನು ಮರೆತಿದ್ದೆ, ಅಷ್ಟೆ.

ಇನ್ನೂ ಒಂದು ಮಾತಿದೆ. ಅದನ್ನು ರಂಜನಿಗೂ ಹೇಳಿರಲಿಲ್ಲ. ಜನವರಿ 8ರ ಗುರುವಾರ ಸಂಜೆ ಅವಳ ಪಟ್ಟಿ ಬಂತು. ಶನಿವಾರ ಡ್ಯೂಟಿ. ಬರುವುದಿಲ್ಲವೆಂದು ಆಗಲೇ ಖಚಿತವಾಯಿತು. ನಿಮ್ಮ ಡಿಸೆಂಬರಿನ ಪತ್ರ ನೆನಪಾಗಿ ವೆಬ್‌ಸೈಟ್ ತೆರೆದೆ. ರದ್ದು ಮಾಡುವ ಗುಂಡಿಯ ಮೇಲೆ ಬೆರಳಿತ್ತು. 24ರ ಶನಿವಾರ, ಅದರ ಬೆನ್ನಿಗೇ ಸೋಮವಾರ ಗಣರಾಜ್ಯೋತ್ಸವದ ರಜೆ, ಅದು ಕೈತಪ್ಪುತ್ತದಲ್ಲ ಅನ್ನಿಸಿತು. ಮುಚ್ಚಿದೆ. ನೀವು ಬರೆದ ಹಾಗೆ ಅರ್ಧ ನಿಮಿಷದ ಕೆಲಸ. ಅದನ್ನು ಮಾಡದಿರಲು ಹತ್ತು ನಿಮಿಷ ಯೋಚಿಸಿದೆ.

5ರಂದು ಬರುತ್ತೇನೆ. ಕವರನ್ನೂ ತರುತ್ತೇನೆ. ಕೃಷ್ಣಕುಮಾರ ಬೇಡವೆಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೂ ಬರುತ್ತೇನೆ.

ಇದು ನಿಮ್ಮ ಕೈಗೆ ಸಿಗಲೆಂದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ಶರತ್ಚಂದ್ರ


ಮೈಸೂರು
16 ಫೆಬ್ರವರಿ 2026

ಕಮಲಕ್ಕನಿಗೆ ನಮಸ್ಕಾರ.

ವಿಚಾರಣೆಯ ದಿನ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರೂ ಮಾತಾಡಲು ಆಗಲಿಲ್ಲ. ನೀವು ಎಲ್ಲವನ್ನೂ ಹೇಳಿ ಮುಗಿಸಿದಿರಿ. ಆಮೇಲೆ ನಾನು ಎದ್ದು ನಿಂತೆ. ಕವರನ್ನು ಮೇಜಿನ ಮೇಲಿಟ್ಟು ತಾರೀಕಿನ ವಿಷಯ ಹೇಳಿದೆ.

ತೀರ್ಮಾನದ ಪ್ರತಿ ನನಗೂ ಬಂದಿದೆ. ನನ್ನ ಖಾತೆಯನ್ನು ಮುಚ್ಚಿದ್ದಾರೆ. ಸುಳ್ಳು ತಾರೀಕಿನ ವಿಷಯವನ್ನು ನಮ್ಮ ಕಾಲೇಜಿಗೂ ತಿಳಿಸಿದ್ದಾರೆ. ಅಲ್ಲಿ ಏನಾಗುತ್ತದೋ ನೋಡಬೇಕು. ಆರು ಗಂಟೆಗೆ ಖಾಲಿ ಉಳಿದ ಕಟ್ಟೆಗಳನ್ನು ಗೇಟಿನಲ್ಲಿ ಕಾಯುವವರಿಗೆ ಕೊಡಬೇಕು, ರದ್ದು ಮಾಡಿದವರನ್ನು ತಡೆಯಬಾರದು ಎಂದು ನಿಯಮ ಬದಲಾಗಿದೆ. ನಿಮ್ಮ ಕೆಲಸ ಹೋಯಿತು. ನಾನು ನಿಜ ಹೇಳಿದರೆ ನಿಮ್ಮ ಕೆಲಸ ಉಳಿದೀತೆಂದು ನಂಬಿಕೊಂಡು ಬಂದಿದ್ದೆ. ನೀವು ನಿಮ್ಮನ್ನು ಒಂದಿಷ್ಟೂ ಉಳಿಸಿಕೊಳ್ಳಲಿಲ್ಲ.

ಹಿಂದಿರುಗುವಾಗ ನಾನೂ ರಂಜನಿಯೂ ಬೋವಿಕಾನಕ್ಕೆ ಹೋಗಿದ್ದೆವು. ಸುಜನ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಪೂಜಾಶ್ರೀ ಬಾಗಿಲಿಗೆ ಬಂದರು. ನನ್ನ ಹೆಸರು ಹೇಳಿದೆ. "ಅವರು ನಿದ್ದೆ ಮಾಡಿದ್ದಾರೆ" ಎಂದರು. ಒಳಗಿನಿಂದ, "ನಿದ್ದೆ ಎಂತ ಇಲ್ಲ, ನೋಡ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳು" ಎಂಬ ದನಿ ಬಂತು. ನಾನು ಕಾರಿಗೆ ಬಂದು ಕುಳಿತೆ. ರಂಜನಿ ಅಲ್ಲೇ ನಿಂತಳು. ತಾನು ನರ್ಸ್, ಮೂಳೆ ವಾರ್ಡಿನಲ್ಲಿರುವವಳು, ಎಕ್ಸ್‌ರೇ ಒಮ್ಮೆ ನೋಡಲೇ ಎಂದು ಕೇಳಿದಳಂತೆ. ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದಳು.

ಮೂಳೆ ಸರಿಯಾಗಿ ಕೂಡುತ್ತಿದೆಯಂತೆ. ಆದರೆ ಮಂಡಿ ಬಿಗಿದುಕೊಂಡಿದೆ. ದಿನಾ ಎರಡು ಹೊತ್ತು ವ್ಯಾಯಾಮ ಮಾಡಿಸದಿದ್ದರೆ ಹಾಗೇ ಉಳಿದುಬಿಡುತ್ತದೆ, ಆಮೇಲೆ ಬ್ರೇಕ್ ಒತ್ತುವುದು ಕನಸಿನ ಮಾತು ಎನ್ನುತ್ತಾಳೆ. ಅವನು ನೋವಿಗೆ ಹೆದರಿ ಬಿಡುತ್ತಿದ್ದಾನೆ. ಪೂಜಾಶ್ರೀ ಒಬ್ಬರ ಕೈಯಲ್ಲಿ ಆಗುತ್ತಿಲ್ಲ. ಏನು ಮಾಡಿಸಬೇಕೆಂದು ಅವರ ಡಾಕ್ಟರರು ಕೊಟ್ಟ ಚೀಟಿಯನ್ನು ನೋಡಿ ರಂಜನಿ ಬಿಡಿಸಿ ಬರೆದಿದ್ದಾಳೆ, ಜೊತೆಯಲ್ಲಿಟ್ಟಿದ್ದೇನೆ. ನಾವು ದೂರದವರು. ನೀವು ಹೋಗಬಲ್ಲಿರಾ? ಕೇಳಲು ನನಗೆ ಯಾವ ಹಕ್ಕೂ ಇಲ್ಲ. ಕೇಳುತ್ತಿದ್ದೇನೆ.

ಶರತ್ಚಂದ್ರ


ದೇಲಂಪಾಡಿ
19 ಏಪ್ರಿಲ್ 2026

ಶರತ್ಚಂದ್ರ ಸರ್ ಮತ್ತು ರಂಜನಿಯವರಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಹೇಳಲು ಏನಾದರೂ ಆಗಲಿ ಎಂದು ಕಾದೆ.

ನಿಮ್ಮ ಕಾಗದ ಬಂದ ಮೇಲೆ ನಾಲ್ಕು ದಿನ ಹೋಗಲಿಲ್ಲ. ಐದನೆಯ ದಿನ ಬಸ್ಸು ಹತ್ತಿದೆ. ಪೂಜಾಶ್ರೀ ನನ್ನನ್ನು ನೋಡಿ ಬಾಗಿಲು ಹಾಕಿದಳು. ನಾನು ಅವಳೆದುರು ಗೇಟು ಹಾಕಿದವಳಲ್ಲವೇ, ಅದು ಸರಿಯೇ. ಮರುದಿನ ಮತ್ತೆ ಹೋದೆ. ಮೂರನೆಯ ದಿನ ಅವಳು ಬಾಗಿಲು ತೆರೆದಿಟ್ಟು ಒಳಗೆ ಹೋದಳು. ಬನ್ನಿ ಎಂದು ಹೇಳಲಿಲ್ಲ.

ಈಗ ಬೆಳಿಗ್ಗೆ ಗೇರುಬೀಜ ಹೆಕ್ಕುವ ಕೆಲಸಕ್ಕೆ ಹೋಗುತ್ತೇನೆ. ಮಧ್ಯಾಹ್ನದ ಬಸ್ಸಿಗೆ ಬೋವಿಕಾನ. ಸಂಜೆಯದು ನಾನು ಮಾಡಿಸುತ್ತೇನೆ, ಬೆಳಗಿನದು ಪೂಜಾಶ್ರೀ. ರಂಜನಿಯವರು ಬರೆದ ಚೀಟಿ ಗೋಡೆಗೆ ಅಂಟಿಸಿ ಉಂಟು. ಮೊದಲು ಅವನು ಹಲ್ಲು ಕಚ್ಚಿ ನನಗೆ ಬಯ್ಯುತ್ತಿದ್ದ. ತುಳುವಿನಲ್ಲಿ, ಬರೆಯಲು ಆಗದ ಮಾತುಗಳು. ನಾನು ಎಣಿಸುತ್ತಾ ಮಂಡಿ ಮಡಚಿಸುತ್ತಿದ್ದೆ. ಒಂದು ದಿನ ಬಯ್ಯುವುದನ್ನು ನಿಲ್ಲಿಸಿ, ಎಣಿಸುವುದು ತಪ್ಪಿತು ಅಕ್ಕ, ಹದಿನಾಲ್ಕು ಎರಡು ಸಲ ಬಂತು ಎಂದ. ಪೂಜಾಶ್ರೀ ಒಳಗೆ ನಕ್ಕದ್ದು ಕೇಳಿತು.

ನಿನ್ನೆಯದನ್ನು ಹೇಳಲಿಕ್ಕೇ ಕಾಗದ ಹಿಡಿದದ್ದು. ಹೋದಾಗ ಅವನು ಕೋಲು ಊರಿಕೊಂಡು ಅಂಗಳದಲ್ಲಿ ಆಟೋದ ಪಕ್ಕ ನಿಂತಿದ್ದ. ಡಾಕ್ಟರು ಸ್ವಲ್ಪ ಸ್ವಲ್ಪ ಓಡಿಸಿ ನೋಡಬಹುದು ಎಂದಿದ್ದಾರಂತೆ. ಮೂರು ತಿಂಗಳು ಟರ್ಪಾಲು ಹೊದ್ದಿದ್ದ ಆಟೋ. ಪೂಜಾಶ್ರೀ ಸೀಟು ಒರೆಸುತ್ತಿದ್ದಳು. ಅವರ ಮನೆಯಿಂದ ಪೇಟೆಗೆ ಎಂತಹ ಇಳಿಜಾರೆಂದು ರಂಜನಿಯವರಿಗೆ ನೆನಪಿರಬಹುದು. ಕೆಳಗೆ ತಿರುವು, ಅದರಾಚೆ ಬಸ್ಸು ಓಡುವ ರಸ್ತೆ.

"ಹತ್ತಿ ಅಕ್ಕ" ಎಂದ.

"ನಾನಾ?" ಎಂದೆ.

"ಇವಳನ್ನು ಹತ್ತಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಒಬ್ಬನೇ ಹೋಗ್ಲಿಕ್ಕೂ ಇಲ್ಲ." ನನ್ನ ಮುಖ ನೋಡದೆ ಹೇಳಿದ. "ಆ ದಿನ ನೀವು ಯಾಕೆ ಹಾಗೆ ಮಾಡಿದ್ದು ಅಂತ ನಾನು ಈಗಲೂ ಯೋಚಿಸ್ತೇನೆ. ಮರೆತಿದ್ದೇನೆ ಅಂತ ಗ್ರಹಿಸ್ಬೇಡಿ. ಆದ್ರೆ ಈ ಕಾಲಿನಲ್ಲಿ ಎಷ್ಟು ಬಲ ಉಂಟು ಅಂತ ನನಗಿಂತ ಹೆಚ್ಚು ನಿಮಗೇ ಗೊತ್ತಲ್ಲ. ನಿಲ್ಲಿಸ್ತೇನಾ, ನೀವೇ ಹೇಳಿ."

ಮಂಡಿ ತೊಂಬತ್ತು ಡಿಗ್ರಿ ಮಡಚುತ್ತದೆ. ಪಾದದಿಂದ ನನ್ನ ಅಂಗೈಯನ್ನು ಒತ್ತು ಎಂದರೆ ಮೊನ್ನೆ ನನ್ನನ್ನು ಹಿಂದಕ್ಕೆ ಬೀಳಿಸಿದ್ದ. "ನಿಲ್ಲಿಸ್ತಿ" ಎಂದೆ. ಹತ್ತಿ ಕುಳಿತೆ.

ಪೂಜಾಶ್ರೀ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಆಟೋ ಅಂಗಳ ದಾಟಿತು. ಇಳಿಜಾರಿನಲ್ಲಿ ವೇಗ ಹೆಚ್ಚುತ್ತಾ ಹೋಯಿತು. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವನ ಕುತ್ತಿಗೆಯ ನರ ಉಬ್ಬಿತು. ಕಾಲು ಒತ್ತಿದ್ದು ನನಗೆ ಹಿಂದಿನಿಂದ ಕಾಣಿಸುತ್ತಿತ್ತು. ನಾನು ಕಂಬಿ ಹಿಡಿದುಕೊಳ್ಳಲಿಲ್ಲ.

ಆಟೋ ನಿಂತಿತು. ಬಸ್ಸು ಮುಂದಿನಿಂದ ಹಾದುಹೋಯಿತು.

ಅವನು ಹ್ಯಾಂಡಲ್ ಬಿಡಲಿಲ್ಲ. ಬೆನ್ನು ಏರಿ ಇಳಿಯುತ್ತಿತ್ತು. ಆಮೇಲೆ ಹೆಗಲಿನಿಂದ ಮುಖ ಒರೆಸಿಕೊಂಡು, ಪೇಟೆಯಲ್ಲಿ ಎಲ್ಲರನ್ನೂ ಕೇಳುವ ಹಾಗೆಯೇ ತಿರುಗಿ ಕೇಳಿದ.

"ಎಲ್ಲಿಗೆ ಹೋಗ್ಬೇಕು?"

ಕಮಲ